ತಾಯಿ ಗಿಡ ಯಾವುದು? ಅಂಗಾಂಶ ಕೃಷಿಯ ಹೂಸಸಿ ಕೊಳ್ಳುವವರು ಕೇಳದ ಪ್ರಶ್ನೆ

ದೊಡ್ಡಬಳ್ಳಾಪುರ, ಹೊಸಕೋಟೆ, ಚಿಕ್ಕಬಳ್ಳಾಪುರದ ಕಡೆ ಪಾಲಿಹೌಸ್ ಹಾಕಿಕೊಂಡವರ ಮನೆಯಲ್ಲಿ ಜರ್ಬೆರಾ ಸಸಿ ಬರುವ ದಿನ ನೆಂಟರು ಬಂದಷ್ಟೇ ಗಡಿಬಿಡಿ. ಟೆಂಪೋದಿಂದ ಟ್ರೇ ಇಳಿಸಿ ನೆರಳಿಗೆ ಸೇರಿಸಬೇಕು. ಎಲೆ ಬಾಡುವ ಮೊದಲೇ ನೀರು ಚಿಮುಕಿಸಬೇಕು. ಏರುಮಡಿ ಹದವಾಗಿ ಕಾದಿರಬೇಕು. ಒಂದು ಎಕರೆ, ಅಂದರೆ ಸುಮಾರು 4000 ಚದರ ಮೀಟರಿನ ಪಾಲಿಹೌಸಿಗೆ ಚದರ ಮೀಟರಿಗೆ 6 ಗಿಡದಂತೆ 24,000 ಸಸಿ ಬೇಕು. ಸಸಿಯೊಂದಕ್ಕೆ 35 ರೂಪಾಯಿ ಎಂದು ಹಿಡಿದರೆ 8,40,000 ರೂಪಾಯಿ ಸಸಿಗೇ ಆಯಿತು. ಪಾಲಿಹೌಸಿನ ಕಬ್ಬಿಣ, ಹಾಳೆ, ಹನಿ ನೀರಾವರಿ, ಬ್ಯಾಂಕಿನ ಸಾಲ ಇವೆಲ್ಲ ಬೇರೆ.

ಇಷ್ಟು ದುಡ್ಡು ಹಾಕುವ ರೈತ ಸಸಿ ಮಾರುವವರನ್ನು ಏನು ಕೇಳುತ್ತಾನೆ? ಬಣ್ಣ ಕೇಳುತ್ತಾನೆ, ಕಾಂಡ ಎಷ್ಟುದ್ದ ಬರುತ್ತದೆ ಎನ್ನುತ್ತಾನೆ, ರೇಟಿನಲ್ಲಿ ಚೌಕಾಸಿ ಮಾಡುತ್ತಾನೆ. ಕೊನೆಗೆ ಒಂದು ಮಾತು: "ಟಿಶ್ಯೂ ಕಲ್ಚರ್ ಸಸಿ ತಾನೇ?" ಹೌದು ಅಂದರೆ ಮುಗಿಯಿತು, ಮನಸ್ಸಿಗೆ ಸಮಾಧಾನ. ಆ ಸಮಾಧಾನದ ಬಗ್ಗೆಯೇ ನನ್ನ ತಕರಾರು. ಟಿಶ್ಯೂ ಕಲ್ಚರ್, ಅಂದರೆ ಅಂಗಾಂಶ ಕೃಷಿ, ಗಿಡದ ಪುಟ್ಟ ಚೂರನ್ನು ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿ ಸಸಿ ಹೆಚ್ಚಿಸುವ ವಿಧಾನ. ಸಸಿ ಹೇಗೆ ಹುಟ್ಟಿತು ಎಂಬುದನ್ನು ಮಾತ್ರ ಆ ಎರಡು ಪದ ಹೇಳುತ್ತವೆ. ಯಾರಿಗೆ ಹುಟ್ಟಿತು ಎಂಬುದನ್ನು ಹೇಳುವುದಿಲ್ಲ.

ಮೊದಲು ಜರ್ಬೆರಾಕ್ಕೆ ಪ್ರಯೋಗಾಲಯ ಯಾಕೆ ಬೇಕಾಯಿತು ಎಂದು ನೋಡೋಣ. ಇದು ದಕ್ಷಿಣ ಆಫ್ರಿಕಾ ಮೂಲದ ಗಿಡ. ಈಗ ಮಾರುಕಟ್ಟೆಯಲ್ಲಿರುವ ತಳಿಗಳೆಲ್ಲ ಬೆರಕೆಯ ಮೇಲೆ ಬೆರಕೆ ಮಾಡಿ ಆರಿಸಿದವು. ಕಡುಗೆಂಪು ಹೂವಿನ ಗಿಡದಿಂದ ಬೀಜ ತೆಗೆದು ಬಿತ್ತಿದರೆ ನೂರು ಸಸಿಯಲ್ಲಿ ನೂರು ತರಹ ಹೂ ಕಾಣಿಸಿಕೊಳ್ಳುತ್ತವೆ. ಮನೆಯಂಗಳಕ್ಕೆ ಅದೇ ಚೆಂದ, ಹರಾಜಿಗೆ ನಡೆಯುವುದಿಲ್ಲ. ಹೆಬ್ಬಾಳದ ಹೂ ಹರಾಜು ಕೇಂದ್ರಕ್ಕೆ ಹೋಗುವ ಕಟ್ಟಿನಲ್ಲಿ ಹತ್ತು ಹೂವೂ ಒಂದೇ ಬಣ್ಣ, ಒಂದೇ ಅಗಲ, ಒಂದೇ ಎತ್ತರ ಇರಬೇಕು. ಬುಡ ಸೀಳಿ ನೆಟ್ಟರೆ ತಾಯಿಯ ಗುಣ ಉಳಿಯುತ್ತದೆ, ನಿಜ. ಆದರೆ ಒಂದು ಬುಡದಿಂದ ವರ್ಷಕ್ಕೆ ಸಿಗುವುದು ಬೆರಳೆಣಿಕೆಯ ಸಸಿ, ಜೊತೆಗೆ ಹಳೇ ಮಣ್ಣಿನ ಬುಡಕೊಳೆ ರೋಗವೂ ಹೊಸ ಮಡಿಗೆ ಬರುತ್ತದೆ. ಹಾಗಾಗಿ 1970ರ ದಶಕದಲ್ಲೇ ಜರ್ಬೆರಾ ಬಾಟಲಿಯೊಳಗೆ ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಟೋಶಿಯೋ ಮುರಾಶಿಗೆ ಮತ್ತು ಜೊತೆಗಾರರು 1974ರಲ್ಲಿ ಕುಡಿಯ ತುದಿಯಿಂದ ಸಸಿ ಹೆಚ್ಚಿಸುವ ವಿಧಾನ ಪ್ರಕಟಿಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನೆದರ್ಲೆಂಡ್ಸಿನ ವ್ಯಾಗೆನಿಂಗೆನ್‌ನಲ್ಲಿ ಪಿಯರಿಕ್ ಅವರ ತಂಡ ಎಳೆಯ ಮೊಗ್ಗಿನ ಪೀಠವನ್ನೇ ಚೂರು ಮಾಡಿ ಅದರಿಂದ ಕುಡಿ ಹೊರಡಿಸಿತು. ಮೊಗ್ಗು ಮಣ್ಣಿನಿಂದ ಮೇಲಿರುವುದರಿಂದ ಕೊಳೆ ಕಡಿಮೆ, ಗಿಡವನ್ನೂ ಕೊಲ್ಲಬೇಕಿಲ್ಲ. ಸರಳವಾದ, ಜಾಣ ಉಪಾಯ.

ಪ್ರಯೋಗಾಲಯದ ಕೆಲಸವನ್ನು ನಮ್ಮ ಭಾಷೆಯಲ್ಲಿ ಹೇಳಲು 'ಮಡಿ'ಗಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ತೋಟದಿಂದ ತಂದ ಚೂರನ್ನು ಹರಿಯುವ ನೀರಿನಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಬ್ಲೀಚಿಂಗ್ ದ್ರಾವಣದಲ್ಲೋ ಪಾದರಸದ ಕ್ಲೋರೈಡಿನಲ್ಲೋ ಕೆಲವು ನಿಮಿಷ ಇಟ್ಟು, ಮತ್ತೆ ಶುದ್ಧ ನೀರಿನಲ್ಲಿ ಜಾಲಿಸುತ್ತಾರೆ. (ಪಾದರಸ ಕಡು ವಿಷ. ಇದನ್ನು ಬಿಟ್ಟು ಬೇರೆ ಮಾರ್ಗ ಹಿಡಿಯುವುದು ನಮ್ಮ ಪ್ರಯೋಗಾಲಯಗಳಲ್ಲಿ ಎಂದೋ ಆಗಬೇಕಿದ್ದ ಕೆಲಸ.) ಗಿಡಕ್ಕೆ ಊಟವಾಗಿ ಲವಣ, ಜೀವಸತ್ವ, ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಕಡಲಪಾಚಿಯಿಂದ ತೆಗೆದ ಅಗರ್ ಬೆರೆಸಿ ಬಾಟಲಿಗೆ ಹೊಯ್ಯುತ್ತಾರೆ. ಅದನ್ನು ದೊಡ್ಡ ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲಿನದೆಲ್ಲ ಸೋಸಿದ ಗಾಳಿ ಬೀಸುವ ಲ್ಯಾಮಿನಾರ್ ಮೇಜಿನ ಮುಂದೆ. ಅಲ್ಲಿ ಕೂರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಬ್ಲೇಡು. ಚಿಮಟವನ್ನು ಪ್ರತಿ ಸಲವೂ ಕಾಯಿಸಿ, ಆರಿಸಿ, ಕುಡಿ ಬಿಡಿಸಿ, ಹೊಸ ಬಾಟಲಿಗಿಟ್ಟು ಮುಚ್ಚಳ ಹಾಕುತ್ತಾರೆ. ದಿನವಿಡೀ ಇದೇ. ಯಂತ್ರಕ್ಕೆ ಇನ್ನೂ ಸರಿಯಾಗಿ ಒಗ್ಗದ ಕೈಕೆಲಸ ಇದು. ಕೂಲಿ ದುಬಾರಿಯಾದ ದೇಶಗಳಲ್ಲಿ ಸಸಿಯ ಖರ್ಚಿನ ಅರ್ಧಕ್ಕಿಂತ ಹೆಚ್ಚು ಕೈಗೂಲಿಗೇ ಹೋಗುತ್ತದೆ. ಯುರೋಪಿನ ಹೂ ಕಂಪನಿಗಳು ಈ ಕೆಲಸವನ್ನು ಭಾರತದಂಥ ದೇಶಗಳಿಗೆ ಕೊಟ್ಟಿದ್ದರ ಹಿಂದೆ ಇರುವುದು ಈ ಲೆಕ್ಕ.

ಬಾಟಲಿಯೊಳಗಿನ ಚೂರು ಏನಾಗಬೇಕೆಂದು ತೀರ್ಮಾನಿಸುವುದು ಎರಡು ಬಗೆಯ ಸಸ್ಯ ಚೋದಕಗಳ (ಹಾರ್ಮೋನುಗಳ) ತೂಕ. 1957ರಲ್ಲಿ ವಿಜ್ಞಾನಿಗಳಾದ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಮೇಲೆ ಇದನ್ನು ತೋರಿಸಿಕೊಟ್ಟರು. ಸೈಟೋಕೈನಿನ್ ಹೆಚ್ಚಾದರೆ ಕುಡಿ ಒಡೆಯುತ್ತದೆ, ಆಕ್ಸಿನ್ ಹೆಚ್ಚಾದರೆ ಬೇರು ಬಿಡುತ್ತದೆ, ಎರಡೂ ಸಮತೂಕಕ್ಕೆ ಬಂದರೆ ರೂಪವಿಲ್ಲದ ಮುದ್ದೆ ಬೆಳೆಯುತ್ತದೆ. ಆ ಮುದ್ದೆಯ ಹೆಸರು ಕ್ಯಾಲಸ್. ಅದರ ಕಥೆ ಮುಂದೆ ಬರುತ್ತದೆ. ಲೀಟರಿಗೆ ಒಂದೆರಡು ಮಿಲಿಗ್ರಾಂನಷ್ಟು ಚೋದಕದಲ್ಲೇ ಗಿಡದ ಬದುಕು ಹೀಗೆ ತಿರುಗುತ್ತದೆ.

ಊಟದ ಪಟ್ಟಿಯ ಹಿಂದಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಮುರಾಶಿಗೆ ಆಗ ಸ್ಕೂಗ್ ಅವರ ವಿಸ್ಕಾನ್ಸಿನ್ ಪ್ರಯೋಗಾಲಯದಲ್ಲಿದ್ದರು. ತಂಬಾಕಿನ ಎಲೆಯ ರಸ ಹಾಕಿದರೆ ಅಂಗಾಂಶ ಧಾರಾಳ ಬೆಳೆಯುತ್ತದಲ್ಲ, ಅದರಲ್ಲಿ ಯಾವುದೋ ಹೊಸ ಚೋದಕವಿದೆ ಎಂದು ಹುಡುಕಿ ಹೊರಟವರು ಅವರು. ಹುಡುಕಾಟದಲ್ಲಿ ತಿಳಿದದ್ದು, ಆ ಬೆಳವಣಿಗೆಯ ಬಹುಭಾಗ ರಸದಲ್ಲಿದ್ದ ಸಾರಜನಕ, ಪೊಟ್ಯಾಷ್‌ನಂಥ ಸಾಮಾನ್ಯ ಲವಣಗಳದ್ದು ಎಂದು. ಆ ಲವಣಗಳ ಪ್ರಮಾಣವನ್ನು ತಿದ್ದಿ 1962ರಲ್ಲಿ ಮುರಾಶಿಗೆ, ಸ್ಕೂಗ್ ಇಬ್ಬರೂ ಪ್ರಕಟಿಸಿದ ಪಟ್ಟಿಯೇ ಅವರ ಹೆಸರಿನ ಮೊದಲಕ್ಷರ ಹೊತ್ತ 'ಎಂಎಸ್ ಮಾಧ್ಯಮ'. ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಬಾಳೆ, ಜರ್ಬೆರಾ, ಆಂಥೂರಿಯಂ ಇಂದಿಗೂ ಉಣ್ಣುವುದು ಅದನ್ನೇ, ಅಲ್ಲಿಷ್ಟು ಇಲ್ಲಿಷ್ಟು ಬದಲಾಯಿಸಿ. ಆರ್ಕಿಡ್‌ನವರು ಮಾತ್ರ ಅದರ ಜೊತೆಗೆ ಎಳನೀರು, ಬಾಳೆಹಣ್ಣಿನ ತಿರುಳೂ ಹಾಕುತ್ತಾರೆ. ಎಳನೀರಿನಲ್ಲಿ ಸಸ್ಯದ ಎಳೆಭ್ರೂಣ ಬೆಳೆಸುವ ಶಕ್ತಿಯಿದೆ ಎಂದು 1941ರಲ್ಲೇ ಗೊತ್ತಾಗಿತ್ತು.

ಈಗ ಲೆಕ್ಕ. ಒಂದು ಕುಡಿ ನಾಲ್ಕು ವಾರಕ್ಕೆ ಮೂರಾಗುತ್ತದೆ ಎಂದುಕೊಳ್ಳಿ. ಹನ್ನೆರಡು ಸುತ್ತಿನಲ್ಲಿ, ಅಂದರೆ ವರ್ಷದೊಳಗೆ, 5,31,441. ಮೂರರ ಬದಲು ನಾಲ್ಕಾದರೆ ಒಂದು ಕೋಟಿ ಅರವತ್ತೇಳು ಲಕ್ಷ ದಾಟುತ್ತದೆ. ಕಾಗದದ ಮೇಲಿನ ಲೆಕ್ಕ ಇದು. ಬಾಟಲಿಗೆ ಬೂಷ್ಟು ಹಿಡಿಯುತ್ತದೆ, ಕುಡಿ ಸಾಯುತ್ತದೆ, ಕೈ ಸಾಲದು. ಆದರೂ ಲಕ್ಷದ ಮಾತು ಸುಳ್ಳಲ್ಲ. ತಾಯಿಯ ಒಂದು ಕೊರತೆಯೂ ಅಷ್ಟೇ ವೇಗದಲ್ಲಿ ಲಕ್ಷವಾಗುತ್ತದೆ ಎಂಬುದನ್ನು ಇದೇ ಲೆಕ್ಕ ಹೇಳುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ.

ಅಂಗಾಂಶ ಕೃಷಿ ಎಂದರೆ ನಕಲು ತೆಗೆಯುವ ವಿದ್ಯೆ. ಇದರಲ್ಲಿ ಹೊಸ ತಳಿ ಹುಟ್ಟುವುದಿಲ್ಲ. ಇದು ಕುಲಾಂತರಿಯೂ ಅಲ್ಲ, ಇದರಲ್ಲಿ ಬೇರೆ ಜೀವಿಯ ವಂಶವಾಹಿ ಸೇರಿಸಿರುವುದಿಲ್ಲ. ಬಾಟಲಿಯಲ್ಲಿ ಹುಟ್ಟಿದ ಮಾತ್ರಕ್ಕೆ ಗಿಡಕ್ಕೆ ರೋಗ ತಡೆಯುವ ಶಕ್ತಿಯೂ ಬರುವುದಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮ ಹೆಂಗಸರು ಹೇಳುತ್ತಾರಲ್ಲ, ಅಷ್ಟೇ ಇದರ ಒಟ್ಟು ತತ್ವ. ಹಾಗಾದರೆ ಟಿಶ್ಯೂ ಕಲ್ಚರ್ ಸಸಿಗೆ ನಂಜುರೋಗ (ವೈರಸ್ ರೋಗ) ಇರುವುದಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂತು?

ಅದೂ ಬಂದದ್ದು ಹೂವಿನಿಂದಲೇ. 1952ರಲ್ಲಿ ಫ್ರಾನ್ಸಿನಲ್ಲಿ ಜಾರ್ಜ್ ಮೊರೆಲ್ ಮತ್ತು ಮಾರ್ಟಿನ್ ನಂಜು ತಗುಲಿದ ಡೇಲಿಯಾ ಗಿಡದ ಸುಳಿಯ ತುತ್ತತುದಿಯನ್ನು ಕತ್ತರಿಸಿ ಬೆಳೆಸಿದರು. ಬಂದ ಗಿಡದಲ್ಲಿ ನಂಜಿರಲಿಲ್ಲ. ಕಾರಣ ಗಿಡದ ರಚನೆಯಲ್ಲೇ ಇದೆ. ನಂಜಾಣು ದೂರ ಸಾಗುವುದು ಆಹಾರ ಹರಿಯುವ ನಾಳಗಳ ಮೂಲಕ. ಸುಳಿಯ ತುದಿಯ ಮಿಲಿಮೀಟರಿಗಿಂತ ಚಿಕ್ಕ ಗುಮ್ಮಟದಲ್ಲಿ ಆ ನಾಳಗಳು ಇನ್ನೂ ಮೂಡಿರುವುದಿಲ್ಲ. ಜೀವಕೋಶಗಳು ಅಲ್ಲಿ ಬಿರುಸಾಗಿ ಒಡೆಯುತ್ತಿರುತ್ತವೆ, ನಂಜಾಣು ಹಿಂದೆ ಬೀಳುತ್ತದೆ. 1960ರಲ್ಲಿ ಮೊರೆಲ್ ಇದೇ ಕೆಲಸವನ್ನು ಸಿಂಬಿಡಿಯಂ ಆರ್ಕಿಡ್ ಮೇಲೆ ಮಾಡಿದರು. ಆ ಒಂದು ತುದಿ ಗಿಡವಾಗುವ ಮೊದಲು ಪುಟ್ಟ ಗೋಳಗಳಾಗಿ ಒಡೆದು ಹೆಚ್ಚುವುದು ಕಂಡಿತು. ಪ್ಯಾರಿಸ್ ಬಳಿಯ ವಾಶೆರೋ ಎ ಲಕೂಫ್ಲ್ ಎಂಬ ಆರ್ಕಿಡ್ ನರ್ಸರಿ ಅದನ್ನು ವ್ಯಾಪಾರಕ್ಕೆ ತಂದಿತು. ಸಿರಿವಂತರ ಗಾಜಿನ ಮನೆಗಳಲ್ಲಷ್ಟೇ ಇದ್ದ ಆರ್ಕಿಡ್ ಇಂದು ಬೆಂಗಳೂರಿನ ಮದುವೆ ಮಂಟಪದ ಕಂಬಕ್ಕೂ ಬಂದಿದೆ ಎಂದರೆ ಅದರ ಬೇರು ಅಲ್ಲಿದೆ.

ಗಮನಿಸಬೇಕಾದದ್ದು ಇಲ್ಲೇ. ಮೊರೆಲ್ ಕತ್ತರಿಸಿದ್ದು ಸೂಕ್ಷ್ಮದರ್ಶಕದ ಕೆಳಗೆ ಮಾತ್ರ ಕಾಣುವ ಚೂರು. ಅಷ್ಟು ಚಿಕ್ಕ ಚೂರು ಬದುಕುವುದು ಕಷ್ಟ, ಬೆಳೆಯುವುದು ನಿಧಾನ. ವ್ಯಾಪಾರದ ಪ್ರಯೋಗಾಲಯಕ್ಕೆ ವೇಗ ಬೇಕು, ಅದಕ್ಕಾಗಿ ಅರ್ಧ ಸೆಂಟಿಮೀಟರಿನ ಕುಡಿಯನ್ನೋ ಮೊಗ್ಗಿನ ಪೀಠವನ್ನೋ ಹಿಡಿಯುತ್ತಾರೆ. ಅದರಲ್ಲಿ ನಾಳಗಳೂ ಇವೆ, ಇದ್ದರೆ ನಂಜೂ ಇದೆ. ಮೇಲ್ಮೈ ತೊಳೆಯುವ ಬ್ಲೀಚು ಒಳಗಿನ ನಂಜಾಣುವನ್ನು ಮುಟ್ಟುವುದಿಲ್ಲ. ಬಾಟಲಿಯಲ್ಲಿ ಸಸಿ ಹಸಿರಾಗಿ ನಳನಳಿಸುತ್ತದೆ, ರೋಗದ ಗುರುತು ಅಲ್ಲಿ ತೋರುವುದಿಲ್ಲ, ಹೊಲಕ್ಕೆ ಬಂದು ಬಿಸಿಲು ಬಡಿದ ಮೇಲೆ ಮೂಡುತ್ತದೆ. ಆರ್ಕಿಡ್‌ನ ಎರಡು ಕುಖ್ಯಾತ ನಂಜುಗಳು, ಸಿಂಬಿಡಿಯಂ ಮೊಸಾಯಿಕ್ ಮತ್ತು ಒಡೊಂಟೊಗ್ಲಾಸಂ ರಿಂಗ್‌ಸ್ಪಾಟ್, ಕತ್ತರಿಸುವ ಬ್ಲೇಡಿನಲ್ಲೇ ಗಿಡದಿಂದ ಗಿಡಕ್ಕೆ ದಾಟುತ್ತವೆ. ತಾಯಿಯನ್ನು ಪರೀಕ್ಷಿಸದೆ ಶುರುಮಾಡಿದ ಪ್ರಯೋಗಾಲಯ ನಂಜು ಹಂಚುವ ಕಾರ್ಖಾನೆಯೇ ಆಗಬಹುದು.

ಇದು ಊಹೆಯ ಭಯವಲ್ಲ. ಹವಾಯಿಯಲ್ಲಿ ಆಂಥೂರಿಯಂ ದೊಡ್ಡ ಬೆಳೆ. ಅಲ್ಲಿ 1970ರ ದಶಕದಲ್ಲಿ ಕಾಣಿಸಿಕೊಂಡ ಕ್ಸಾಂಥೊಮೊನಾಸ್ ದುಂಡಾಣು (ಬ್ಯಾಕ್ಟೀರಿಯಾ) ರೋಗ 1980ರ ದಶಕದಲ್ಲಿ ತೋಟಗಳನ್ನೇ ಮಲಗಿಸಿತು. ಸಣ್ಣ ಬೆಳೆಗಾರರು ಕಸುಬೇ ಬಿಟ್ಟರು. ಶುದ್ಧ ಸಸಿಗಾಗಿ ಅಂಗಾಂಶ ಕೃಷಿಯ ಕಡೆ ತಿರುಗಿದಾಗ ಒಂದು ಸತ್ಯ ಹೊರಬಿತ್ತು: ಬಾಟಲಿಯಲ್ಲಿ ಯಾವ ಲಕ್ಷಣವೂ ಇಲ್ಲದ ಸಸಿಯೊಳಗೂ ಆ ದುಂಡಾಣು ತಿಂಗಳುಗಟ್ಟಲೆ ಅಡಗಿ ಕೂರಬಲ್ಲದು. ಅದಕ್ಕೇ ಅಲ್ಲಿನವರು ಒಂದೇ ಮೂಲದ ಕುಡಿಯನ್ನು ದುಂಡಾಣು ಬೆಳೆಯುವ ಮಾಧ್ಯಮದಲ್ಲಿ ಒಂದಲ್ಲ, ಮೂರು ಸಲ ಪರೀಕ್ಷಿಸಿ, ಮೂರರಲ್ಲೂ ಗೆದ್ದದ್ದನ್ನು ಮಾತ್ರ ಹೆಚ್ಚಿಸುವ ಕ್ರಮ ಕಟ್ಟಿದರು. ಕೊಡಗಿನ ಕಾಫಿ ತೋಟಗಳ ಮನೆಯಂಗಳದಲ್ಲಿ ಆಂಥೂರಿಯಂ ಬೆಳೆದು ಮಾರುವವರು ಈ ಮಾತನ್ನು ನೆನಪಿಡಬೇಕು. ಮಳೆ, ನೆರಳು, ತೇವ ಮೂರೂ ಅಲ್ಲಿ ದುಂಡಾಣುವಿಗೆ ಹಬ್ಬದೂಟ.

ಇನ್ನು ಕ್ಯಾಲಸ್ ಮುದ್ದೆಯ ಕಥೆ. ಇರುವ ಕುಡಿಯ ಕಂಕುಳ ಮೊಗ್ಗನ್ನು ಒಡೆಸಿ ಹೆಚ್ಚಿಸಿದರೆ ತಾಯಿಯ ಗುಣ ಬಹುಮಟ್ಟಿಗೆ ಉಳಿಯುತ್ತದೆ. ಎಲೆಯ ಚೂರನ್ನು ಮೊದಲು ಮುದ್ದೆ ಮಾಡಿ, ಮುದ್ದೆಯಿಂದ ಗಿಡ ಎಬ್ಬಿಸಿದರೆ ವ್ಯತ್ಯಾಸಗಳು ನುಸುಳುತ್ತವೆ. 1981ರಲ್ಲಿ ಆಸ್ಟ್ರೇಲಿಯಾದ ಲಾರ್ಕಿನ್ ಮತ್ತು ಸ್ಕೋಕ್ರಾಫ್ಟ್ ಇದಕ್ಕೆ 'ಸೋಮಾಕ್ಲೋನಲ್ ವ್ಯತ್ಯಾಸ' ಎಂದು ಹೆಸರಿಟ್ಟರು. ಎಣ್ಣೆ ತಾಳೆಯಲ್ಲಿ ಇದರ ದೊಡ್ಡ ಪಾಠವಾಗಿದೆ. ನಕಲು ತೆಗೆದ ಮರಗಳಲ್ಲಿ ಕೆಲವು ವರ್ಷಗಳಾದ ಮೇಲೆ ಹೂ ವಿಕಾರವಾಗಿ, ಕಾಯಿ ಕೆಟ್ಟು, ತೋಟಕ್ಕೆ ತೋಟವೇ ದಂಡವಾಯಿತು. ವಂಶವಾಹಿಯ ಅಕ್ಷರಗಳು ಅಲ್ಲಿ ಬದಲಾಗಿರಲಿಲ್ಲ. ವಂಶವಾಹಿಯೊಳಗಿನ ಒಂದು ತುಣುಕನ್ನು ಸುಮ್ಮನಿರಿಸಿದ್ದ ರಾಸಾಯನಿಕ ಬೀಗ ಬಾಟಲಿಯ ಬಾಳಿನಲ್ಲಿ ಕಳಚಿತ್ತು ಎಂದು 2015ರಲ್ಲಿ ಸಂಶೋಧಕರು ತೋರಿಸಿದರು.

ಜರ್ಬೆರಾದಲ್ಲಿ ಇದರ ರೂಪ ಬೇರೆ. ಬೇಗ ಹೆಚ್ಚಿಸುವ ಆಸೆಗೆ ಸೈಟೋಕೈನಿನ್ ಜಾಸ್ತಿ ಹಾಕಿ, ಸುತ್ತಿನ ಮೇಲೆ ಸುತ್ತು ಎಳೆದರೆ ಕೆಲವು ಸಸಿ ಪೊದೆಯಾಗುತ್ತವೆ: ಎಲೆಯೋ ಎಲೆ, ಹೂ ಕಡಿಮೆ, ಕಾಂಡ ಗಿಡ್ಡ. ಟ್ರೇಯಲ್ಲಿದ್ದಾಗ ಅಂಥ ಸಸಿ ಉಳಿದವಕ್ಕಿಂತ ಸೊಂಪಾಗಿ ಕಾಣಬಹುದು. ನೆಟ್ಟು ಎರಡು ಮೂರು ತಿಂಗಳಾಗಿ ಪಕ್ಕದ ಗಿಡ ಹೂ ಕೊಡಲು ಶುರುಮಾಡಿದಾಗ ಮೋಸ ಗೊತ್ತಾಗುತ್ತದೆ. ಒಂದು ಗಿಡದಿಂದ ವರ್ಷಕ್ಕೆ 35–40 ಹೂ ನಿರೀಕ್ಷಿಸುವ ಬೆಳೆ ಇದು. ನೂರರಲ್ಲಿ ಐದು ಗಿಡ ಪೊದೆಯಾದರೆ ಒಂದು ಎಕರೆಯಲ್ಲಿ 1200 ಗಿಡ ನೀರು, ಗೊಬ್ಬರ ತಿಂದು ಸುಮ್ಮನೆ ಕೂತಂತೆ. ಮೂಲ ಚೂರಿನಿಂದ ಇಂತಿಷ್ಟೇ ಸುತ್ತು ಎಂದು ಗಡಿ ಹಾಕಿಕೊಂಡು, ಆಮೇಲೆ ಮತ್ತೆ ತಾಯಿಯ ಹತ್ತಿರ ಹೋಗುವ ಪ್ರಯೋಗಾಲಯಕ್ಕೆ ಖರ್ಚು ಹೆಚ್ಚು. ಆ ಶಿಸ್ತಿನವರಿಗೂ ಅದಿಲ್ಲದವರಿಗೂ ಮಾರುಕಟ್ಟೆಯಲ್ಲಿ ಹೆಸರು ಒಂದೇ, 'ಟಿಶ್ಯೂ ಕಲ್ಚರ್'.

ಸೇವಂತಿಗೆಯದು ಇನ್ನೊಂದು ತೊಡಕು. ಅದರ ಕೆಲವು ಬಣ್ಣದ ತಳಿಗಳಲ್ಲಿ ಹೊರಪದರದ ಜೀವಕೋಶದ ವಂಶಗುಣ ಒಂದು, ಒಳಪದರದ್ದು ಇನ್ನೊಂದು. ಎರಡು ಬಟ್ಟೆ ಸೇರಿಸಿ ಹೊಲಿದ ರವಿಕೆಯ ಹಾಗೆ. ಕಡ್ಡಿ ನೆಟ್ಟರೆ ಪದರಗಳು ಹಾಗೆಯೇ ಬರುತ್ತವೆ, ಮುದ್ದೆಯಿಂದ ಎಬ್ಬಿಸಿದರೆ ಹೊಲಿಗೆ ಬಿಚ್ಚಿಕೊಂಡು ಬೇರೆ ಬಣ್ಣದ ಹೂ ಬರುತ್ತದೆ. ನಕಲಿನ ವಿದ್ಯೆಗೂ ನಕಲಾಗದ್ದು ಇದೆ.

ಪ್ರಯೋಗಾಲಯ ಸರಿಯಿದ್ದು, ತಾಯಿ ಸರಿಯಿದ್ದು, ಸಸಿ ಸಾಯುವುದೂ ಉಂಟು. ಬಾಟಲಿಯ ಸಸಿ ಸಕ್ಕರೆ ನೀರು ಕುಡಿದು ಬೆಳೆದ ಕೂಸು. ಎಲೆಯ ಮೇಲೆ ಮೇಣದ ಪದರ ತೆಳು. ಎಲೆಯ ಉಸಿರು ರಂಧ್ರಗಳಿಗೆ ಮುಚ್ಚಿಕೊಳ್ಳುವ ಅಭ್ಯಾಸವಿಲ್ಲ, ಬಾಟಲಿಯ ತುಂಬು ತೇವದಲ್ಲಿ ಮುಚ್ಚುವ ಅಗತ್ಯವೇ ಬಂದಿರುವುದಿಲ್ಲ. ಹೊರಗೆ ತೆಗೆದ ಕೂಡಲೇ ಬೆವರಿ ಬೆವರಿ ಬಾಡುತ್ತದೆ. ಹಾಗಾಗಿ ಅಗರನ್ನು ಪೂರ್ತಿ ತೊಳೆದು (ಉಳಿದ ಸಕ್ಕರೆಗೆ ಬೂಷ್ಟು ಮುತ್ತುತ್ತದೆ), ತೆಂಗಿನ ನಾರಿನ ಪುಡಿಯಲ್ಲಿ ಕೂರಿಸಿ, ಪ್ಲಾಸ್ಟಿಕ್ ಗೂಡಿನೊಳಗೆ ಮೊದಲು 90ಕ್ಕೂ ಹೆಚ್ಚು ಶೇಕಡಾ ತೇವದಲ್ಲಿಟ್ಟು, ದಿನಕ್ಕಿಷ್ಟು ಗೂಡು ತೆರೆದು, ಬೆಳಕು ಏರಿಸಿ ಹದಗೊಳಿಸಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ. ಬೇಡಿಕೆ ಏರಿದಾಗ ಮೊದಲು ಕತ್ತರಿ ಬೀಳುವುದು ಈ ವಾರಗಳಿಗೆ. ಕಡಿಮೆ ರೇಟಿನ ಸಸಿಯಲ್ಲಿ ಎಷ್ಟೋ ಸಲ ಕಡಿಮೆಯಾಗಿರುವುದು ಹದ. ನೆಡುವಾಗ ಜರ್ಬೆರಾದ ಸುಳಿ ಮಣ್ಣಿನ ಮಟ್ಟಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲಿರಲಿ ಎಂದು ತಿಳಿದವರು ಒತ್ತಿ ಹೇಳುತ್ತಾರೆ. ಸುಳಿ ಹೂತರೆ ಕೊಳೆ ಖಚಿತ, ಆಗ ಯಾರನ್ನು ಬೈದೂ ಉಪಯೋಗವಿಲ್ಲ.

ಕಾನೂನು ಏನು ಹೇಳುತ್ತದೆ? ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ, 1966ರ ಬೀಜ ಕಾಯ್ದೆಯಡಿ, ಅಂಗಾಂಶ ಕೃಷಿ ಸಸಿಗಳ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ತಂದಿತು. ಘಟಕಗಳಿಗೆ ಮಾನ್ಯತೆ, ಮೂಲ ಗಿಡಕ್ಕೆ ನಂಜು ಪರೀಕ್ಷೆ, ತಾಯಿಗೂ ಮಗಳಿಗೂ ವಂಶಗುಣ ಹೊಂದುತ್ತದೆಯೇ ಎಂಬ ಪರೀಕ್ಷೆ, ತಂಡವಾರು ಪ್ರಮಾಣಪತ್ರ ಎಲ್ಲವೂ ಅದರಲ್ಲಿವೆ. ಒಳ್ಳೆಯ ವ್ಯವಸ್ಥೆ, ಇದನ್ನು ಕಟ್ಟಿದವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಅದರ ಕಣ್ಣು ಮೊದಲಿನಿಂದ ಬಾಳೆ, ಆಲೂಗಡ್ಡೆ, ಕಬ್ಬಿನ ಕಡೆಗೆ. ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ಬಾಳೆಯದೇ ಸಿಂಹಪಾಲು, ಬಾಳೆಯ ರೈತರು ಪ್ರಮಾಣಪತ್ರ ಕೇಳುವುದನ್ನೂ ಕಲಿತಿದ್ದಾರೆ. ಹೂವಿನ ರೈತ ಕೇಳುವುದಿಲ್ಲ, ಕೇಳದ್ದನ್ನು ಯಾರೂ ಕೈಗಿಡುವುದಿಲ್ಲ. ಈ ತಳಿಯ ತಾಯಿ ಗಿಡ ಯಾರ ಬಳಿ ಇದೆ, ಕೊನೆಯ ನಂಜು ಪರೀಕ್ಷೆ ಯಾವಾಗ ಆಯಿತು, ಯಾವ ಯಾವ ನಂಜಿಗೆ ಮಾಡಿದರು, ಎಷ್ಟನೇ ಸುತ್ತಿನ ಸಸಿ, ಬಾಟಲಿಯಿಂದ ಹೊರಬಂದು ಎಷ್ಟು ವಾರವಾಯಿತು ಎಂದು ಎಂಟು ಲಕ್ಷ ಕೊಡುವವನು ಬಾಯಿಬಿಟ್ಟು ಕೇಳಿ, ಉತ್ತರವನ್ನು ಬಿಲ್ಲಿನ ಜೊತೆ ಬರವಣಿಗೆಯಲ್ಲಿ ಪಡೆಯಬೇಕು.

ತಳಿಯ ಒಡೆತನದ ವಿಷಯ ಚುಟುಕಾಗಿ. ನಮ್ಮ ಪಾಲಿಹೌಸುಗಳ ಜರ್ಬೆರಾ, ಕಾರ್ನೇಷನ್ ತಳಿಗಳಲ್ಲಿ ಬಹುಪಾಲು ಯುರೋಪಿನ ತಳಿಗಾರರವು. ಸಸಿಯ ಬೆಲೆಯಲ್ಲೇ ಅವರ ರಾಯಲ್ಟಿ ಸೇರಿರುತ್ತದೆ. ತಳಿ ಕಟ್ಟಲು ವರ್ಷಗಟ್ಟಲೆ ದುಡಿದವರಿಗೆ ಪಾಲು ಸಲ್ಲುವುದರಲ್ಲಿ ತಪ್ಪೇನಿಲ್ಲ. ಭಾರತದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಳಿಗಾರನಿಗೂ ರೈತನಿಗೂ ಜಾಗ ಕೊಟ್ಟಿದೆ. ನನ್ನ ಕೊರಗು ಬೇರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಮ್ಮದೇ ಹವೆಗೆ ಜರ್ಬೆರಾ ತಳಿಗಳನ್ನು ಕೊಟ್ಟಿದೆ. ಬೇರುಗಂಟು ಜಂತುಹುಳುವನ್ನು ತಾಳಿಕೊಳ್ಳುವ 'ಶೃಂಗಾರ್' ಸುಗಂಧರಾಜ ಕೊಟ್ಟಿದೆ. ಇಂಥ ತಳಿಗಳ ಶುದ್ಧ ತಾಯಿಯನ್ನು ಕಾಪಾಡಿ, ನಕಲು ತೆಗೆದು, ಮೂಲೆಯ ಹಳ್ಳಿಗೆ ಮುಟ್ಟಿಸುವ ಸರಪಳಿ ಮಾತ್ರ ತೆಳ್ಳಗಿದೆ.

ಎಲ್ಲ ಹೂವಿಗೂ ಬಾಟಲಿ ಬೇಕೆಂದು ನಾನು ವಾದಿಸುತ್ತಿಲ್ಲ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಕಡ್ಡಿಯಿಂದ ಸಲೀಸಾಗಿ ಬರುತ್ತವೆ. ಗುಲಾಬಿಗೆ ಕಣ್ಣು ಕಸಿ ಸಾಕು. ಚೆಂಡು ಹೂವಿಗೆ ಬೀಜವೇ ಸರಿ, ಅದರ ಮಿಶ್ರತಳಿ ಬೀಜ ತೆಗೆಯಲು ಬೇಕಾದ ಗಂಡುಬರಡು ಗಿಡಗಳನ್ನು ಉಳಿಸಿಕೊಳ್ಳುವಾಗ ಮಾತ್ರ ಅಂಗಾಂಶ ಕೃಷಿ ಕೈಹಿಡಿಯುತ್ತದೆ. ಕಾಡಿನ ಆರ್ಕಿಡ್ ಆದ ಸೀತಾಳೆಗೆ ಬಾಟಲಿ ನಿಜಕ್ಕೂ ವರ. ಆರ್ಕಿಡ್ ಬೀಜ ಧೂಳಿನಂತೆ, ಒಂದು ಕಾಯಲ್ಲಿ ಲಕ್ಷಗಟ್ಟಲೆ ಇರಬಹುದು, ಆದರೆ ಅದರೊಳಗೆ ಬುತ್ತಿಯಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಉಣಿಸಿದರಷ್ಟೇ ಮೊಳೆಯುತ್ತದೆ. 1922ರಲ್ಲಿ ಲೂಯಿಸ್ ಕ್ನಡ್ಸನ್ ಸಕ್ಕರೆ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆ ಅದನ್ನು ಮೊಳೆಯಿಸಿ ತೋರಿಸಿದರು. ಮಲೆನಾಡಿನ ಮರದ ಕೊಂಬೆಯಿಂದ ಸೀತಾಳೆ ದಂಡೆಯನ್ನು ಕಿತ್ತು ತಂದು ಪೇಟೆಯಲ್ಲಿ ಮಾರುವುದು ನಿಲ್ಲಬೇಕಾದರೆ ಬಾಟಲಿಯಲ್ಲಿ ಬೆಳೆದ ಸೀತಾಳೆ ಅದಕ್ಕಿಂತ ಸುಲಭವಾಗಿ ಸಿಗುವಂತಾಗಬೇಕು. ಬೀಜದಿಂದ ಬೆಳೆಸಿದರೆ ಪ್ರತಿ ಸಸಿಯೂ ಬೇರೆ ಬೇರೆಯಾಗಿರುತ್ತದೆ, ಕಾಡಿಗೆ ಮರಳಿಸಲು ಬೇಕಾದದ್ದೂ ಅಂಥದ್ದೇ. ಅಲ್ಲಿ ನಕಲು ಸಲ್ಲದು.

ನನ್ನ ಮನಸ್ಸು ಹೆಚ್ಚು ಎಳೆಯುವುದು ಕನಕಾಂಬರದ ಕಡೆಗೆ. ನಮ್ಮಲ್ಲಿ 'ಡೆಲ್ಲಿ ಕನಕಾಂಬರ' ಎಂದು ಬೆಳೆಯುವ ಕಡು ಕಿತ್ತಳೆ ಬಣ್ಣದ ತಳಿಗೆ ಸಾಮಾನ್ಯವಾದ ಎರಡರ ಬದಲು ಮೂರು ಕಂತೆ ವರ್ಣತಂತು (ಕ್ರೋಮೋಸೋಮ್), ಹಾಗಾಗಿ ಬೀಜ ಕಟ್ಟುವುದಿಲ್ಲ. ಕಡ್ಡಿಯೊಂದೇ ದಾರಿ. ಕಡ್ಡಿಯನ್ನು ತರುವುದು ನೆರೆಯವರ ತೋಟದಿಂದ. ಅವರು ಬೇರು ಬರಿಸಿದ ಮಣ್ಣಿನ ಜೊತೆಗೇ ಬೇರುಗಂಟು ಜಂತುಹುಳು ಬರುತ್ತದೆ, ಹುಳು ಕೊರೆದ ಬೇರಿನಲ್ಲಿ ಸೊರಗು ರೋಗ ಮನೆಮಾಡುತ್ತದೆ. ಎರಡು ಮೂರು ವರ್ಷ ಹೂ ಬಿಡಬೇಕಾದ ಗಿಡ ವರ್ಷ ತುಂಬುವ ಮೊದಲೇ ಒಣಗುತ್ತದೆ. ಕನಕಾಂಬರವನ್ನು ಬಾಟಲಿಯಲ್ಲಿ ಹೆಚ್ಚಿಸುವ ವಿಧಾನಗಳು ಎಂದೋ ಪ್ರಕಟವಾಗಿವೆ. ಆದರೂ ಖಾಸಗಿ ಪ್ರಯೋಗಾಲಯಕ್ಕೆ ಇದು ಬೇಡದ ಬೆಳೆ. ಕಾಲು ಎಕರೆ ಕನಕಾಂಬರ ಹಾಕಿ, ಬೆಳಕು ಹರಿಯುವ ಮೊದಲು ಹೂ ಬಿಡಿಸಿ, ಕಟ್ಟಿ ಮಾರುವ ಹೆಣ್ಣುಮಗಳು ಜರ್ಬೆರಾದ ಬೆಲೆ ಕೊಟ್ಟು ಸಸಿ ತರಲಾರಳು.

ತರಬೇಕಾಗಿಯೂ ಇಲ್ಲ. ಕಾರ್ನೇಷನ್, ಸೇವಂತಿಗೆಯ ದೊಡ್ಡ ನರ್ಸರಿಗಳು ಜಗತ್ತಿನಾದ್ಯಂತ ಮಾಡುವುದನ್ನು ನೋಡಿ. ಅವು ರೈತನಿಗೆ ಬಾಟಲಿಯ ಸಸಿ ಕೊಡುವುದಿಲ್ಲ. ಸುಳಿಯ ತುದಿಯಿಂದ ತೆಗೆದು, ಪರೀಕ್ಷಿಸಿ, ಕೆಲವೇ ಶುದ್ಧ ತಾಯಿ ಗಿಡಗಳನ್ನು ಪ್ರಯೋಗಾಲಯದಲ್ಲಿ ಮಾಡುತ್ತವೆ. ಅವನ್ನು ಕೀಟ ನುಸುಳದ ಜಾಲರಿ ಮನೆಯಲ್ಲಿ ಬೆಳೆಸಿ, ರೈತನಿಗೆ ಅವುಗಳ ಕಡ್ಡಿ ಕೊಡುತ್ತವೆ. ದುಬಾರಿ ಕೆಲಸ ತಾಯಿಗೆ ಮಾತ್ರ, ಸಸಿ ಅಗ್ಗ. ಕನಕಾಂಬರಕ್ಕೂ ಗೆಡ್ಡೆಯಲ್ಲೇ ಜಂತು ಹೊತ್ತು ಬರುವ ಸುಗಂಧರಾಜಕ್ಕೂ ಇದೇ ದಾರಿ ಹೊಂದುತ್ತದೆ. ತೋಟಗಾರಿಕೆ ಇಲಾಖೆಗೆ ಬೆಂಗಳೂರಿನ ಹುಳಿಮಾವಿನಲ್ಲಿ ಜೈವಿಕ ಕೇಂದ್ರವಿದೆ, ಜಿಲ್ಲೆಗಳಲ್ಲಿ ಇಲಾಖೆಯ ತೋಟಗಳಿವೆ, ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯವಿದೆ. ಇಲಾಖೆಯ ಒಂದು ತೋಟದಲ್ಲಿ ಜಾಲರಿ ಮನೆಯ ಒಂದು ಮೂಲೆ, ಹಬೆಯಲ್ಲಿ ಬೇಯಿಸಿದ ಮಣ್ಣು ತುಂಬಿದ ನೂರು ಕುಂಡ, ಅದರಲ್ಲಿ ನೂರು ಶುದ್ಧ ಕನಕಾಂ­ಬರ, ವರ್ಷಕ್ಕೊಮ್ಮೆ ಬೇರಿನ ಪರೀಕ್ಷೆ. ಒಂದು ತಾಯಿ ವರ್ಷಕ್ಕೆ 40 ಕಡ್ಡಿ ಕೊಟ್ಟರೆ 4000 ಸಸಿ. ಆ 4000ದಲ್ಲಿ ಅರ್ಧವನ್ನು ಊರಿನ ನರ್ಸರಿಗಳಿಗೆ ತಾಯಿ ಗಿಡವಾಗಿ ಕೊಟ್ಟು, ಅವರೂ ಅಷ್ಟೇ ಕಡ್ಡಿ ತೆಗೆದರೆ ಮರುವರ್ಷ 80,000.